ಸರ್ಕಾರ ಕೈ ತೆಗೆಯಲಿ ಅನ್ನುವವರಿಗೆ ನಮ್ಮ ಕಡೆ ವೋಟು ಯಾಕೆ ಬೀಳುವುದಿಲ್ಲ?

ಹೆಬ್ಬಾಳದ ಹುಡುಗ
ಬಹಳ ದಿನದಿಂದ ತಲೆ ಕೊರೆಯುತ್ತಿರುವ ಪ್ರಶ್ನೆ. ಬೈಯುವವರು ಬೈಯಿರಿ, ಆದರೆ ಉತ್ತರ ಕೊಡಿ.

ನಾನು ಇರುವುದು ಮೈಸೂರಿನ ಹೆಬ್ಬಾಳದಲ್ಲಿ. ಊರು ಮಂಡ್ಯ ತಾಲ್ಲೂಕು. ಲಿಬರ್ಟೇರಿಯನ್ ಅಂತಾರಲ್ಲ, ಆ ವಿಚಾರ ನನಗೆ ಹಿಡಿಸಿದೆ. ಸರ್ಕಾರ ಪೊಲೀಸು, ಕೋರ್ಟು, ಗಡಿ ನೋಡಿಕೊಳ್ಳಲಿ. ನಾನು ಏನು ಬೆಳೆಯಬೇಕು, ಯಾರಿಗೆ ಮಾರಬೇಕು, ಏನು ತಿನ್ನಬೇಕು, ಯಾರನ್ನು ಮದುವೆಯಾಗಬೇಕು ಅನ್ನುವುದನ್ನು ನನಗೆ ಬಿಡಲಿ. ತೆರಿಗೆ ಕಡಿಮೆ, ಪರ್ಮಿಟ್ ಕಡಿಮೆ, ಆಗ ಲಂಚವೂ ಕಡಿಮೆ. ಇಷ್ಟೇ ಮಾತು.

2023ರ ವಿಧಾನಸಭೆ ಚುನಾವಣೆಯಲ್ಲಿ ಇದನ್ನೇ ಹೇಳುತ್ತಿದ್ದ ಒಬ್ಬ ಪಕ್ಷೇತರರ ಜೊತೆ ಹದಿನೈದು ದಿನ ಹಳ್ಳಿ ಹಳ್ಳಿ ಸುತ್ತಿದೆ. ಅರಳೀಕಟ್ಟೆ ಮೇಲೆ ಕೂತವರೆಲ್ಲ ತಲೆದೂಗುತ್ತಿದ್ದರು. ಖಾತೆ, ಪೋಡಿ ಅಂತ ಕಚೇರಿಗೆ ಅಲೆದ ಕಥೆಯನ್ನು ನಾವು ಕೇಳುವ ಮೊದಲೇ ಅವರೇ ಹೇಳುತ್ತಿದ್ದರು. ಎಣಿಕೆ ದಿನ ನೋಡಿದರೆ ನೋಟಾಕ್ಕೆ ಬಿದ್ದಷ್ಟೂ ನಮಗೆ ಬಿದ್ದಿರಲಿಲ್ಲ.

ಅಮೆರಿಕದಲ್ಲೂ ಹೀಗೇ. ಅಲ್ಲಿ ಲಿಬರ್ಟೇರಿಯನ್ ಪಾರ್ಟಿ ಹುಟ್ಟಿದ್ದು 1971ರಲ್ಲಿ. ಅಧ್ಯಕ್ಷ ಚುನಾವಣೆಯಲ್ಲಿ ಅವರಿಗೆ ಬಂದ ಅತಿ ಹೆಚ್ಚು ಪಾಲು 2016ರಲ್ಲಿ, ಗ್ಯಾರಿ ಜಾನ್ಸನ್ ನಿಂತಾಗ. ಅದೂ ಸುಮಾರು ಶೇ. 3.3. ಸರ್ಕಾರವನ್ನು ಎಲ್ಲರೂ ಬೈಯುತ್ತಾರೆ. ಅದು ಚಿಕ್ಕದಾಗಲಿ ಅನ್ನುವವರಿಗೆ ಮಾತ್ರ ವೋಟು ಹಾಕುವುದಿಲ್ಲ. ಯಾಕೆ?

ಕೆ.ಆರ್.ಪೇಟೆ ಅಕ್ಕ
ತಮ್ಮಾ, ಆಗ ಗ್ಯಾರಂಟಿ ಕಾರ್ಡ್ ಮನೆ ಮನೆಗೆ ಬರುತ್ತಿತ್ತು. ತಿಂಗಳಿಗೆ 2000 ರೂಪಾಯಿ, ಬಸ್ ಫ್ರೀ ಅಂತ. ನೀವು ಹೆಂಗಸರಿಗೆ ಏನು ಹೇಳಿದಿರಿ?

ಹೆಬ್ಬಾಳದ ಹುಡುಗ
ಅಕ್ಕಾ, ಪುಕ್ಕಟೆ ಯಾವುದೂ ಬೇಡ, ಆ ದುಡ್ಡು ನಿಮ್ಮದೇ ತೆರಿಗೆ ಅಂತ ಹೇಳಿದೆವು.

ಕೆ.ಆರ್.ಪೇಟೆ ಅಕ್ಕ
ಹೂಂ. ನನ್ನ ಅತ್ತೆಯನ್ನು ತಿಂಗಳಿಗೆ ಎರಡು ಸಲ ಮೈಸೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ. ಮೊದಲು ಬಸ್ ಚಾರ್ಜಿಗೆ ಮನೆಯವರ ಹತ್ತಿರ ಕೈಚಾಚಬೇಕಿತ್ತು. ಎಷ್ಟು ಖರ್ಚು, ಯಾಕೆ ಖರ್ಚು ಅಂತ ಲೆಕ್ಕ ಒಪ್ಪಿಸಬೇಕಿತ್ತು. ಈಗ ಆಧಾರ್ ತೋರಿಸಿ ಹತ್ತುತ್ತೇನೆ. ಸ್ವಾತಂತ್ರ್ಯ ಅಂದರೆ ನನಗೆ ಅದೇ. ನೀವು ಹೇಳುವ ಸ್ವಾತಂತ್ರ್ಯದಲ್ಲಿ ನಾನು ಮತ್ತೆ ಕೈಚಾಚಬೇಕು. ವೋಟು ಯಾಕೆ ಹಾಕಲಿ?

ಸರಸ್ವತಿಪುರಂ ಶೆಟ್ಟರು
ಅಕ್ಕ ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಅಂಗಡಿ ಇಟ್ಟವನ ಕಷ್ಟವೂ ಸ್ವಲ್ಪ ಕೇಳಿ. ಟ್ರೇಡ್ ಲೈಸೆನ್ಸ್ ಒಂದು ಕಡೆ, ಬೋರ್ಡಿಗೆ ತೆರಿಗೆ ಇನ್ನೊಂದು ಕಡೆ, ತಕ್ಕಡಿಗೆ ಮುದ್ರೆ ಮತ್ತೊಂದು ಕಡೆ, ಜಿಎಸ್‌ಟಿ ಬೇರೆ. ವರ್ಷಕ್ಕೆ ಎಷ್ಟು ದಿನ ಅಂಗಡಿ ಬಿಟ್ಟು ಓಡಾಡುತ್ತೇನೆ ಅಂತ ನನಗೆ ಗೊತ್ತು. ಈ ಹುಡುಗ ಹೇಳುವುದರಲ್ಲಿ ತಪ್ಪೇನೂ ಇಲ್ಲ.

ಲೆಕ್ಕದ ಮೇಷ್ಟ್ರು
ಈ ವಿಚಾರಕ್ಕೆ ನಮ್ಮ ದೇಶದಲ್ಲಿ ವೋಟೇ ಬಿದ್ದಿಲ್ಲ ಅನ್ನುವುದು ಸರಿಯಲ್ಲ. 1959ರಲ್ಲಿ ನಾಗಪುರದ ಅಧಿವೇಶನದಲ್ಲಿ ಕಾಂಗ್ರೆಸ್ ಸಹಕಾರಿ ಬೇಸಾಯದ ನಿರ್ಣಯ ಮಾಡಿತು. ಜಮೀನನ್ನೆಲ್ಲ ಒಟ್ಟು ಮಾಡಿ ಉಳುವುದು ಅಂತ. ರೈತರು ಗಾಬರಿಯಾದರು. ಅದೇ ವರ್ಷ ರಾಜಾಜಿ, ಎನ್.ಜಿ. ರಂಗಾ, ಮಿನೂ ಮಸಾನಿ ಸೇರಿ ಸ್ವತಂತ್ರ ಪಕ್ಷ ಕಟ್ಟಿದರು. ಪರ್ಮಿಟ್-ಲೈಸೆನ್ಸ್-ಕೋಟಾ ರಾಜ್ಯ ಅನ್ನುವ ಮಾತನ್ನು ಮನೆಮಾತು ಮಾಡಿದವರು ರಾಜಾಜಿಯೇ.

1962ರಲ್ಲಿ ಲೋಕಸಭೆಗೆ 18 ಸೀಟು. 1967ರಲ್ಲಿ 44 ಸೀಟು, ಲೋಕಸಭೆಯ ಅತಿ ದೊಡ್ಡ ವಿರೋಧ ಪಕ್ಷ. ನಮ್ಮ ಮೈಸೂರು ರಾಜ್ಯದಿಂದಲೂ ಅವರ ಸಂಸದರು ಗೆದ್ದಿದ್ದರು. ಒರಿಸ್ಸಾದಲ್ಲಿ ಅವರದೇ ಮುಖ್ಯಮಂತ್ರಿ. 1971ರಲ್ಲಿ 8ಕ್ಕೆ ಇಳಿಯಿತು. 1974ರಲ್ಲಿ ಚರಣ್ ಸಿಂಗ್ ಅವರ ಲೋಕದಳದಲ್ಲಿ ಕರಗಿಹೋಯಿತು. ಹಾಗಾಗಿ ಪ್ರಶ್ನೆಯನ್ನು ಸ್ವಲ್ಪ ಬದಲಿಸಬೇಕು. ಬಂದ ವೋಟು ಯಾಕೆ ಉಳಿಯಲಿಲ್ಲ?

ಪಾಂಡವಪುರ ರೈತ
ಮೇಷ್ಟ್ರೇ, ಆ 44ರಲ್ಲಿ ಎಷ್ಟು ಸೀಟು ರಾಜಮನೆತನದವರದು, ದೊಡ್ಡ ಜಮೀನ್ದಾರರದು ಅಂತಲೂ ಹೇಳಿ. ಜೈಪುರದ ಗಾಯತ್ರಿ ದೇವಿ ಅದೇ ಪಕ್ಷ. ಒರಿಸ್ಸಾದ ಮುಖ್ಯಮಂತ್ರಿಯೂ ಹಳೇ ಸಂಸ್ಥಾನದ ರಾಜರೇ. ಅಲ್ಲಿ ಜನ ಹಾಕಿದ್ದು ರಾಜನಿಗೆ. ವಿಚಾರಕ್ಕಲ್ಲ.

ಲೆಕ್ಕದ ಮೇಷ್ಟ್ರು
ಅರ್ಧ ಒಪ್ಪುತ್ತೇನೆ. ಗುಜರಾತಿನಲ್ಲಿ, ಆಂಧ್ರದಲ್ಲಿ ರೈತರೂ ಹಾಕಿದ್ದರು. ರಂಗಾ ಅವರು ರೈತ ಹೋರಾಟದಿಂದಲೇ ಬಂದವರು. ಆದರೆ 1969ರಲ್ಲಿ ಇಂದಿರಾ ಗಾಂಧಿ 14 ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿದರು. ಹಳೇ ರಾಜರಿಗೆ ಸರ್ಕಾರ ಕೊಡುತ್ತಿದ್ದ ರಾಜಧನ ರದ್ದು ಮಾಡುತ್ತೇನೆ ಅಂದರು. ಗರೀಬಿ ಹಟಾವೋ ಅಂದರು. ಸ್ವತಂತ್ರ ಪಕ್ಷ ಈ ಕಡೆ ನಿಂತು ರಾಜಧನ ಕೊಟ್ಟ ಮಾತು, ಮುರಿಯಬಾರದು ಅಂತ ವಾದ ಮಾಡಿತು. ಕಾನೂನಿನ ಪ್ರಕಾರ ವಾದ ಸರಿ. ಬಡವನ ಕಿವಿಗೆ ಅದು ಹೇಗೆ ಕೇಳಿಸುತ್ತದೆ? ಅಲ್ಲಿಗೆ ಮುಗಿಯಿತು.

ವಿ.ಸಿ. ನಾಲೆ
ದೆಹಲಿ, ಒರಿಸ್ಸಾ ಬಿಡಿ. ಮಂಡ್ಯದ ಮಾತಾಡೋಣ.

ನಮ್ಮ ಹಳ್ಳಿಯ ಎಷ್ಟೋ ಮನೆಗಳಲ್ಲಿ ದೇವರ ಪಟದ ಪಕ್ಕ ವಿಶ್ವೇಶ್ವರಯ್ಯನವರ ಪಟ ಇದೆ. ಕನ್ನಂಬಾಡಿ ಕಟ್ಟೆ ಶುರುವಾಗಿದ್ದು 1911ರಲ್ಲಿ. ಅದಕ್ಕೆ ಮೊದಲು ನಮ್ಮದು ರಾಗಿ, ಹುರುಳಿ ಬೆಳೆಯುವ ಒಣ ನೆಲ. ನೀರು ಬಂತು, ಭತ್ತ ಬಂತು, ಕಬ್ಬು ಬಂತು. ಕಬ್ಬು ಅರೆಯಲು 1933ರಲ್ಲಿ ಮೈಶುಗರ್ ಬಂತು. ಕಟ್ಟೆ ಕಟ್ಟಿದ್ದು ಸರ್ಕಾರ. ನಾಲೆ ತೋಡಿದ್ದು ಸರ್ಕಾರ. ಕಾರ್ಖಾನೆ ಎಬ್ಬಿಸಿದ್ದೂ ಸರ್ಕಾರ. ಇದನ್ನೆಲ್ಲ ಯಾವ ಸಾಹುಕಾರನೂ ಮಾಡುತ್ತಿರಲಿಲ್ಲ. ವಿಶ್ವೇಶ್ವರಯ್ಯನವರು 1934ರಲ್ಲಿ ಪುಸ್ತಕ ಬರೆದದ್ದೂ ಯೋಜಿತ ಆರ್ಥಿಕತೆ ಬಗ್ಗೆಯೇ.

ಅಂಥ ಊರಿಗೆ ಬಂದು ಸರ್ಕಾರ ಕೈ ತೆಗೆಯಲಿ ಅಂದರೆ ಜನಕ್ಕೆ ಕೇಳಿಸುವುದು ತೂಬು ಮುಚ್ಚುತ್ತೇವೆ ಅಂತ.

ಸಂತೆಪೇಟೆ
ಒಂದು ಸಣ್ಣ ತಿದ್ದುಪಡಿ. ನಾಲೆಗೂ ಕಾರ್ಖಾನೆಗೂ ವಿಶ್ವೇಶ್ವರಯ್ಯನವರ ಹೆಸರು ಹೇಳಬೇಡಿ. ಅವರು ದಿವಾನರಾಗಿದ್ದು 1912ರಿಂದ 1918. ಈಗ ವಿಶ್ವೇಶ್ವರಯ್ಯನವರ ಹೆಸರಿರುವ ವಿ.ಸಿ. ನಾಲೆಗೆ ಆಗ ಇರ್ವಿನ್ ನಾಲೆ ಅಂತ ಹೆಸರು. ಅದೂ ಮೈಶುಗರ್ರೂ ಆದದ್ದು ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ. ಕಾರ್ಖಾನೆ ಎಬ್ಬಿಸಲು ಓಡಾಡಿದವರು ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್, ಕೆನಡಾದವರು. ಅವರ ಪಟ ಯಾರ ಮನೆಯಲ್ಲೂ ಇಲ್ಲ, ಅದೇ ಬೇಜಾರು.

ಇನ್ನೊಂದು ವಿಷಯ. 1930ರ ದಶಕದ ಆರಂಭದಲ್ಲಿ ಇದೇ ಇರ್ವಿನ್ ನಾಲೆ ರೈತರು ಸರ್ಕಾರದ ವಿರುದ್ಧ ಎದ್ದಿದ್ದರು. ನೀರು ಕೊಟ್ಟಿದ್ದಕ್ಕೆ ಎಕರೆಗೆ ಇಷ್ಟು ಕಾಂಟ್ರಿಬ್ಯೂಷನ್ ಕಟ್ಟಿ ಅಂದರು. ಬ್ಲಾಕ್ ಪದ್ಧತಿ ತಂದು ಈ ಬ್ಲಾಕಿನಲ್ಲಿ ಇದೇ ಬೆಳೆ ಬೆಳೆಯಿರಿ ಅಂದರು. ರೈತರು ಒಪ್ಪಲಿಲ್ಲ.

ಹೆಬ್ಬಾಳದ ಹುಡುಗ
ನೋಡಿ, ನಾನು ಹೇಳಿದ್ದೂ ಇದನ್ನೇ! ನನ್ನ ಹೊಲದಲ್ಲಿ ಏನು ಬೆಳೆಯಬೇಕು ಅಂತ ನೀನು ಹೇಳಬೇಡ ಅಂತ ನಮ್ಮ ಮುತ್ತಜ್ಜಂದಿರು ತೊಂಬತ್ತು ವರ್ಷದ ಹಿಂದೆಯೇ ಹೇಳಿದ್ದಾರೆ.

ಸಂತೆಪೇಟೆ
ಹೇಳಿದ್ದಾರೆ. ಆದರೆ ನಾಲೆಯನ್ನು ಖಾಸಗಿಯವರಿಗೆ ಮಾರಿ ಅಂತ ಯಾರೂ ಕೇಳಲಿಲ್ಲ. ನೀರು ಬಿಡು, ಕಂದಾಯ ಇಳಿಸು, ಬೆಳೆ ನಮಗೆ ಬಿಡು. ಮೂರನ್ನೂ ಒಟ್ಟಿಗೆ ಕೇಳಿದರು. ನೀವು ಮೂರನೆಯದನ್ನು ಮಾತ್ರ ಎತ್ತಿಕೊಳ್ಳುತ್ತೀರಿ.

ಹುಣಸೂರಿನವಳು
ಗಂಧದ ಮರದ ವಿಷಯ ಯಾರೂ ಎತ್ತಲಿಲ್ಲವಲ್ಲ. ನಮ್ಮ ತಾತನ ಹೊಲದ ಬೇಲಿಯಲ್ಲಿ ಗಂಧದ ಸಸಿ ತಾನಾಗಿ ಏಳುತ್ತಿತ್ತು. ತಾತ ಕಂಡ ತಕ್ಷಣ ಕಿತ್ತು ಎಸೆಯುತ್ತಿದ್ದರು. ಯಾಕೆಂದರೆ ಹೊಲ ನಮ್ಮದು, ಮರ ಸರ್ಕಾರದ್ದು. ಯಾರಾದರೂ ರಾತ್ರಿ ಕಡಿದುಕೊಂಡು ಹೋದರೆ ಬೆಳಿಗ್ಗೆ ನಮ್ಮನ್ನೇ ವಿಚಾರಣೆಗೆ ಕರೆಯುತ್ತಾರೆ ಅನ್ನುವ ಭಯ. ಟಿಪ್ಪು ಕಾಲದಿಂದ ಬಂದ ಕಾನೂನು. ಜಮೀನಿನವನೇ ಮರದ ಒಡೆಯ ಅಂತ ತಿದ್ದಿದ್ದು 2001ರಲ್ಲಿ. ಅಷ್ಟರಲ್ಲಿ ಗಂಧದ ನಾಡಿನಲ್ಲಿ ಗಂಧವೇ ಇರಲಿಲ್ಲ.

ತಾತನಿಗೆ ಲಿಬರ್ಟೇರಿಯನ್ ಅಂದರೆ ಏನು ಅಂತ ಗೊತ್ತಿರಲಿಲ್ಲ. ಆದರೆ ಸರ್ಕಾರ ತನ್ನದು ಅಂದ ಮರ ಹೇಗೆ ನಾಶವಾಗುತ್ತದೆ ಅಂತ ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಸರಸ್ವತಿಪುರಂ ಶೆಟ್ಟರು
ನಮ್ಮ ತಂದೆ ಚೇತಕ್ ಸ್ಕೂಟರಿಗೆ ದುಡ್ಡು ಕಟ್ಟಿ ವರ್ಷಗಟ್ಟಲೆ ಕಾದಿದ್ದರು. ಗಾಡಿ ಬಂದಾಗ ಇಡೀ ಬೀದಿ ನೋಡಲು ಬಂದಿತ್ತು. ಈಗಿನ ಹುಡುಗರಿಗೆ ಆ ಪರ್ಮಿಟ್ ಕಾಲದ ನೆನಪಿಲ್ಲ. ಅದಕ್ಕೇ ಈ ಮಾತಿಗೆ ಬೆಲೆ ಇಲ್ಲ ಅನ್ನಿಸುತ್ತದೆ.

ಯಾದವಗಿರಿ
ಶೆಟ್ಟರೇ, ನಮ್ಮಪ್ಪ ಇಲ್ಲೇ ಐಡಿಯಲ್ ಜಾವಾ ಬೈಕ್ ಕಾರ್ಖಾನೆಯಲ್ಲಿದ್ದರು. ಕಾಯುವ ಪಟ್ಟಿ ಮುಗಿದು ಮಾರುಕಟ್ಟೆ ತೆರೆದುಕೊಂಡ ಮೇಲೆ 1996ರಲ್ಲಿ ಬಾಗಿಲು ಹಾಕಿತು. ನಿಮ್ಮ ಮನೆಗೆ ಸ್ಕೂಟರು ಬೇಗ ಬಂತು, ನಮ್ಮ ಮನೆಗೆ ಸಂಬಳ ಬರುವುದು ನಿಂತಿತು. ಎರಡೂ ನಿಜ. ವೋಟು ಹಾಕುವಾಗ ಮನುಷ್ಯನಿಗೆ ನೆನಪಾಗುವುದು ನಿಂತ ಸಂಬಳ.

ಗಂಗೋತ್ರಿ ಎಕನಾಮಿಕ್ಸ್
ಯಾದವಗಿರಿಯವರು ಹೇಳಿದ್ದೇ ಮುಖ್ಯ. ಒಂದು ಸಬ್ಸಿಡಿ ತೆಗೆದರೆ ಕಳೆದುಕೊಳ್ಳುವವರಿಗೆ ನಾಳೆಯೇ ಗೊತ್ತಾಗುತ್ತದೆ. ಅವರು ಸಂಘ ಕಟ್ಟಿಕೊಂಡು ಡಿ.ಸಿ. ಆಫೀಸಿನ ಮುಂದೆ ಕೂರುತ್ತಾರೆ. ಲಾಭ ಮಾತ್ರ ಎಲ್ಲರಿಗೂ ಚೂರು ಚೂರು ಹಂಚಿಹೋಗುತ್ತದೆ. ಅದಕ್ಕೋಸ್ಕರ ಯಾರೂ ಬೀದಿಗೆ ಇಳಿಯುವುದಿಲ್ಲ.

ಇನ್ನೊಂದು, ನಮ್ಮ ಚುನಾವಣೆಯ ರೀತಿ. ಕ್ಷೇತ್ರದಲ್ಲಿ ಯಾರಿಗೆ ಜಾಸ್ತಿ ವೋಟೋ ಅವರೇ ಗೆದ್ದಂತೆ. ಇಂಥ ಕಡೆ ಶೇ. 5 ಜನ ನಿಮ್ಮನ್ನು ಮೆಚ್ಚಿದರೂ ಸೀಟು ಸೊನ್ನೆ. ವೋಟು ಸುಮ್ನೆ ಹಾಳಾಗುತ್ತದೆ ಅಂತ ಆ ಶೇ. 5 ಜನವೂ ಬೇರೆ ಕಡೆ ಹೋಗುತ್ತಾರೆ. ಅಮೆರಿಕದಲ್ಲೂ ಇದೇ ರೀತಿ. ಜರ್ಮನಿಯಲ್ಲಿ ವೋಟಿನ ಪಾಲಿಗೆ ತಕ್ಕಂತೆ ಸೀಟು ಸಿಗುತ್ತದೆ. ಅಲ್ಲಿ ಎಫ್‌ಡಿಪಿ ಅನ್ನುವ ಮಾರುಕಟ್ಟೆ ಪರ ಪಕ್ಷ ಎಷ್ಟೋ ಸಲ ಸರ್ಕಾರದಲ್ಲಿತ್ತು. 2009ರಲ್ಲಿ ಶೇ. 14ಕ್ಕೂ ಜಾಸ್ತಿ ಬಂದಿತ್ತು. 2025ರಲ್ಲಿ ಶೇ. 5ರ ಗೆರೆ ದಾಟಲಾಗದೆ ಸಂಸತ್ತಿನಿಂದಲೇ ಹೊರಗೆ ಹೋಯಿತು.

ನಮ್ಮ ದೇಶದಲ್ಲಿ ಮತ್ತೂ ಒಂದು ತೊಡಕಿದೆ. ಜನಪ್ರಾತಿನಿಧ್ಯ ಕಾಯ್ದೆಗೆ 1989ರಲ್ಲಿ 29ಎ ಅನ್ನುವ ಕಲಂ ಸೇರಿಸಿದರು. ಪಕ್ಷ ನೋಂದಾಯಿಸಬೇಕಾದರೆ ಸಮಾಜವಾದಕ್ಕೆ ನಿಷ್ಠೆ ಇದೆ ಅಂತ ಬರೆದುಕೊಡಬೇಕು. ಸಮಾಜವಾದ ಒಪ್ಪದವನು ಅಲ್ಲೇ ಸುಳ್ಳು ಬರೆಯಬೇಕು, ಇಲ್ಲವೇ ಪಕ್ಷೇತರನಾಗಿ ನಿಲ್ಲಬೇಕು.

ಪಾಂಡವಪುರ ರೈತ
ಆ ಒಂದು ಸಾಲಿನಿಂದ ವೋಟು ತಪ್ಪಿತು ಅಂತ ನಾನು ನಂಬುವುದಿಲ್ಲ ತಂಗೀ. ಎಲ್ಲ ಪಕ್ಷವೂ ಬರೆದುಕೊಟ್ಟು ತಮಗೆ ಬೇಕಾದ್ದು ಮಾಡುತ್ತಿವೆ.

ಹೆಬ್ಬಾಳದ ಹುಡುಗ
ಹಾಗಾದರೆ ಅರ್ಜೆಂಟೀನಾ? 2023ರಲ್ಲಿ ಹಾವಿಯೇರ್ ಮಿಲೇ ಗರಗಸ ಹಿಡಿದುಕೊಂಡು ಸರ್ಕಾರ ಕತ್ತರಿಸುತ್ತೇನೆ ಅಂತಲೇ ಪ್ರಚಾರ ಮಾಡಿದರು. ಕೊನೆ ಸುತ್ತಿನಲ್ಲಿ ಶೇ. 55ಕ್ಕೂ ಜಾಸ್ತಿ ವೋಟು ಬಂತು. ಅಲ್ಲಿ ಆದದ್ದು ಇಲ್ಲಿ ಯಾಕಾಗಬಾರದು?

ಲೆಕ್ಕದ ಮೇಷ್ಟ್ರು
ಆ ವರ್ಷ ಅಲ್ಲಿ ಬೆಲೆ ಏರಿಕೆ ಶೇ. 200 ದಾಟಿತ್ತು. ಜನವರಿಯಲ್ಲಿ 100 ರೂಪಾಯಿಗೆ ಸಿಕ್ಕ ಅಕ್ಕಿ ಡಿಸೆಂಬರಿನಲ್ಲಿ 300 ಆದರೆ ಇಲ್ಲೂ ಜನ ಗರಗಸದವನಿಗೇ ಹಾಕುತ್ತಾರೆ. ಅಂಥ ದಿನ ಬರದಿರಲಿ.

ಆಲೆಮನೆ
ಎಲ್ಲರೂ ಕಬ್ಬಿನ ಹೆಸರು ಹೇಳುತ್ತಿದ್ದೀರಿ, ಕಬ್ಬು ಬೆಳೆಯುವವನು ನಾನು. ಸ್ವಲ್ಪ ಉದ್ದ ಆಗಬಹುದು.

ನನಗೆ ಮೂರೂವರೆ ಎಕರೆ. ಎರಡು ವರ್ಷದ ಹಿಂದೆ ಒಂದು ಕಾರ್ಖಾನೆಗೆ ಒಪ್ಪಿಗೆ ಮಾಡಿಕೊಂಡಿದ್ದೆ. ಕಟಾವಿಗೆ ಪರ್ಮಿಟ್ ಕೊಡಿ ಅಂತ ಫೀಲ್ಡ್‌ಮನ್ ಹಿಂದೆ ಎರಡು ತಿಂಗಳು ತಿರುಗಿದೆ. ಕಬ್ಬಿಗೆ ಸೂಲಂಗಿ, ಅಂದರೆ ಹೂ ಬಂತು. ತೂಕ ಬಿತ್ತು. ಕೊನೆಗೆ ಕಡಿದು ಕಳಿಸಿದ ಮೇಲೆ ದುಡ್ಡಿಗೆ ಮತ್ತೆ ತಿಂಗಳುಗಟ್ಟಲೆ ಕಾದೆ. ಹದಿನಾಲ್ಕು ದಿನದೊಳಗೆ ಕೊಡಬೇಕು ಅಂತ ಕಾನೂನಿದೆ. ಮುಂದಿನ ವರ್ಷ ಕಬ್ಬನ್ನೆಲ್ಲ ಆಲೆಮನೆಗೆ ಹಾಕಿದೆ. ಪರ್ಮಿಟ್ ಇಲ್ಲ, ಫೀಲ್ಡ್‌ಮನ್ ಇಲ್ಲ. ಅಚ್ಚು ಬೆಲ್ಲ ಮಂಡಿಗೆ ಹೋಯಿತು, ದುಡ್ಡು ಕೈಗೆ ಬಂತು. ಆ ವರ್ಷ ನಾನೂ ಈ ಹುಡುಗನ ಪಕ್ಷವೇ.

ಆಮೇಲೆ ಬೆಲ್ಲದ ಬೆಲೆ ಬಿತ್ತು. ಕೊಪ್ಪರಿಗೆ ಹತ್ತಿರ ದುಡಿಯುವವರ ಕೂಲಿ ಕೊಟ್ಟರೆ ಉಳಿಯುವುದು ಏನೂ ಇರಲಿಲ್ಲ. ಆಗ ನನಗೆ ಮತ್ತೆ ಕೇಂದ್ರ ಸರ್ಕಾರ ಕಬ್ಬಿಗೆ ನಿಗದಿ ಮಾಡುವ ಕನಿಷ್ಠ ಬೆಲೆ, ಅಂದರೆ ಎಫ್‌ಆರ್‌ಪಿ ಬೇಕಾಯಿತು. 2024-25ಕ್ಕೆ ಕ್ವಿಂಟಾಲಿಗೆ 340 ರೂಪಾಯಿ ಇತ್ತು. ಸಾಲದು, ಆದರೆ ಒಂದು ಕನಿಷ್ಠ ಬೆಲೆಯಂತೂ ಇದೆ ಅನ್ನುವ ಧೈರ್ಯ.

ಒಂದು ಕಾರ್ಖಾನೆಯಿಂದ ಇನ್ನೊಂದಕ್ಕೆ ಕನಿಷ್ಠ 15 ಕಿ.ಮೀ. ಅಂತರ ಇರಬೇಕು ಅಂತ ನಿಯಮ ಇದೆ. ಯಾರಿಗೆ ಅನುಕೂಲ? ಕಾರ್ಖಾನೆಯವರಿಗೆ. ಪಕ್ಕದಲ್ಲಿ ಇನ್ನೊಬ್ಬ ಬಂದರೆ ನನಗೆ ಒಳ್ಳೆ ರೇಟು ಸಿಗುತ್ತಿತ್ತು. 2012ರಲ್ಲಿ ರಂಗರಾಜನ್ ಸಮಿತಿಯೂ ಆ ಅಂತರ ತೆಗೆಯಿರಿ ಅಂತ ಹೇಳಿತ್ತು. ಹುಡುಗಾ, ನಿಮ್ಮ ಪಕ್ಷೇತರರು ಆ 15 ಕಿ.ಮೀ. ಬಗ್ಗೆ ಒಂದು ದಿನವಾದರೂ ಮಾತಾಡಿದರಾ? ಸಬ್ಸಿಡಿ ತೆಗೆಯಿರಿ ಅಂದಿದ್ದು ಕೇಳಿಸಿತು. ಸಾಹುಕಾರನಿಗೆ ಇರುವ ಬೇಲಿ ತೆಗೆಯಿರಿ ಅಂದಿದ್ದು ಕೇಳಿಸಲಿಲ್ಲ.

ಹೆಬ್ಬಾಳದ ಹುಡುಗ
ಇಲ್ಲ ಅಣ್ಣ. ಮಾತಾಡಲಿಲ್ಲ. ನನಗೆ ಆ ನಿಯಮ ಇದೆ ಅಂತಲೇ ಗೊತ್ತಿರಲಿಲ್ಲ. ನಿಜ ಹೇಳುತ್ತೇನೆ.

ಕೆ.ಆರ್.ಪೇಟೆ ಅಕ್ಕ
ಈಗ ಬೆಲ್ಲ ಹೇಗಿದೆ ಅಣ್ಣ? ಸಂಕ್ರಾಂತಿಗೆ ಹತ್ತು ಕೆಜಿ ಬೇಕಿತ್ತು, ಕೆಮಿಕಲ್ ಹಾಕದ್ದು.

ಆಲೆಮನೆ
ಕಪ್ಪಗಿರುತ್ತದೆ ಅಕ್ಕಾ, ಪರವಾಗಿಲ್ಲವಾ? ಬಿಳಿ ಬೆಲ್ಲ ಕೇಳುವವರಿಗೆ ನಾನು ಕೊಡುವುದಿಲ್ಲ.

ಹುಣಸೂರಿನವಳು
ನಮ್ಮೂರಿನವರೇ ಆದ ದೇವರಾಜ ಅರಸರ ಬಗ್ಗೆ ಒಂದು ಮಾತು. 1974ರ ಭೂ ಸುಧಾರಣೆಯಲ್ಲಿ ನಮ್ಮ ತಾತನ ಹೆಸರಿಗೆ ಎರಡು ಎಕರೆ ಬಂತು. ಅಲ್ಲಿಯವರೆಗೆ ಗೇಣಿಗೆ ಉಳುತ್ತಿದ್ದರು. ಗಂಧದ ಸಸಿ ಕಿತ್ತೆಸೆದ ಹೊಲವೂ ಅದೇ.

ಲಿಬರ್ಟೇರಿಯನ್ನರು ಆಸ್ತಿ ಹಕ್ಕೇ ಎಲ್ಲಕ್ಕಿಂತ ದೊಡ್ಡದು ಅಂತಾರೆ. ನಮ್ಮ ತಾತನಿಗೆ ಆಸ್ತಿ ಬಂದದ್ದೇ ಇನ್ನೊಬ್ಬರ ಆಸ್ತಿಗೆ ಸರ್ಕಾರ ಕೈ ಹಾಕಿದ್ದರಿಂದ. ಈ ಗಂಟನ್ನು ಬಿಡಿಸಿ ಹೇಳುವವರು ನನಗೆ ಇನ್ನೂ ಸಿಕ್ಕಿಲ್ಲ. 2020ರಲ್ಲಿ ಕೃಷಿ ಭೂಮಿಯನ್ನು ಯಾರು ಬೇಕಾದರೂ ಕೊಳ್ಳಬಹುದು ಅಂತ ಭೂ ಸುಧಾರಣೆ ಕಾಯ್ದೆಯ 79ಎ, 79ಬಿ ಕಲಂ ತೆಗೆದಾಗ ನಮ್ಮಪ್ಪ ಹೆದರಿದರು. ಮಾರುವ ಸ್ವಾತಂತ್ರ್ಯ ಜಾಸ್ತಿಯಾಯಿತು ಅಂತ ಓದಿದವರು ಹೇಳಿದರು. ಸಾಲದಲ್ಲಿ ಇರುವವನಿಗೆ ಮಾರುವ ಸ್ವಾತಂತ್ರ್ಯ ಬಂದರೆ ಜಮೀನು ಉಳಿಯುತ್ತದಾ ಅಂತ ಅಪ್ಪ ಕೇಳಿದರು.

ಸರಸ್ವತಿಪುರಂ ಶೆಟ್ಟರು
ಆದರೆ ಆ ನಿಯಮ ಇದ್ದಾಗ ನಿಮ್ಮಪ್ಪನ ಜಮೀನಿಗೆ ಒಳ್ಳೆ ಬೆಲೆ ಕೊಡುವವರೂ ಕಡಿಮೆ ಇದ್ದರು. ನನಗೆ ತಾಯಿ ಕಡೆಯಿಂದ ಬರಬೇಕಿದ್ದ ಜಮೀನು ಬಿಟ್ಟರೆ ಬೇರೆ ಒಂದು ಗುಂಟೆಯನ್ನೂ ನಾನು ಕೊಳ್ಳುವಂತಿರಲಿಲ್ಲ, ವ್ಯಾಪಾರಸ್ಥ ಅಂತ. ಬೇಸಾಯ ಮಾಡಲು ಜಾತಿ ಸರ್ಟಿಫಿಕೇಟ್ ಕೇಳಿದ ಹಾಗೆ ಅಲ್ವಾ ಅದು?

ಹುಣಸೂರಿನವಳು
ಅದೂ ಸರಿಯೇ ಸಾರ್. ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ನಿಮಗೆ ಆದದ್ದು ಬೇಜಾರು, ನಮ್ಮಪ್ಪನಿಗೆ ಇದ್ದದ್ದು ಭಯ. ಭಯ ಇರುವವರ ಸಂಖ್ಯೆ ದೊಡ್ಡದು.

ಪಾಂಡವಪುರ ರೈತ
ನಾನು ಇಷ್ಟು ಹೊತ್ತು ಕಾದದ್ದು ಇದನ್ನು ಹೇಳಲು.

1980ರಲ್ಲಿ ರಾಜ್ಯ ರೈತ ಸಂಘ ಹುಟ್ಟಿತು. ನಮ್ಮಪ್ಪ ಹಸಿರು ಟವಲು ಹಾಕಿದವರು. ಆಗ ಊರ ಬಾಗಿಲಲ್ಲಿ ಬೋರ್ಡು ಇತ್ತು, ಅನುಮತಿ ಇಲ್ಲದೆ ಅಧಿಕಾರಿಗಳು ಊರೊಳಗೆ ಬರಬಾರದು ಅಂತ. ಸಾಲಕ್ಕೆ ಮನೆ ಪಾತ್ರೆ ಜಪ್ತಿ ಮಾಡಲು ಬಂದರೆ ಊರಿಗೂರೇ ಅಡ್ಡ ನಿಲ್ಲುತ್ತಿತ್ತು. ರೈತ ಸಾಲಗಾರನಲ್ಲ, ಸರ್ಕಾರವೇ ಬಾಕಿದಾರ ಅಂತ ಕೂಗು. ಹೇಳಿ, ಇದಕ್ಕಿಂತ ಜೋರಾಗಿ ಸರ್ಕಾರಕ್ಕೆ ಕೈ ತೆಗಿ ಅಂದವರು ಯಾರಿದ್ದಾರೆ?

ಅದೇ ಕಾಲದಲ್ಲಿ ಮಹಾರಾಷ್ಟ್ರದಲ್ಲಿ ಶರದ್ ಜೋಶಿ ಶೇತಕರಿ ಸಂಘಟನೆ ಕಟ್ಟಿದರು. ಅವರೂ ಸರ್ಕಾರವೇ ರೈತನ ಬೆಲೆ ಇಳಿಸುತ್ತಿದೆ ಅಂದರು. ಮುಂದೆ ದಾರಿ ಬೇರೆಯಾಯಿತು. ಜೋಶಿ ವಿಶ್ವ ವ್ಯಾಪಾರದ ಡಂಕೆಲ್ ಪ್ರಸ್ತಾವ ಬರಲಿ, ಮಾರುಕಟ್ಟೆ ತೆರೆಯಲಿ ಅಂದರು. ನಮ್ಮ ರೈತ ಸಂಘದ ನಂಜುಂಡಸ್ವಾಮಿಯವರು ಬೇಡವೇ ಬೇಡ ಅಂದರು. 1992ರ ಕೊನೆಯಲ್ಲಿ ಬೆಂಗಳೂರಿನಲ್ಲಿದ್ದ ಕಾರ್ಗಿಲ್ ಅನ್ನುವ ವಿದೇಶಿ ಬೀಜ ಕಂಪನಿಯ ಕಚೇರಿಗೆ ರೈತರು ನುಗ್ಗಿದ್ದು ಗೊತ್ತೇ ಇದೆ. ಜೋಶಿ 1994ರಲ್ಲಿ ಸ್ವತಂತ್ರ ಭಾರತ ಪಕ್ಷ ಮಾಡಿದರು. ಅವರ ಸಭೆಗೆ ಲಕ್ಷ ಜನ ಸೇರುತ್ತಿದ್ದರು. ವೋಟು ಮಾತ್ರ ಬೀಳಲಿಲ್ಲ. ಈ ಕಡೆ ಅದೇ 1994ರಲ್ಲಿ ರೈತ ಸಂಘದ ಪುಟ್ಟಣ್ಣಯ್ಯನವರು ಪಾಂಡವಪುರದಲ್ಲಿ ಗೆದ್ದರು. 2013ರಲ್ಲಿ ಮೇಲುಕೋಟೆಯಿಂದ ಮತ್ತೆ ಗೆದ್ದರು.

ಜಪ್ತಿಗೆ ಬಂದವನನ್ನು ತಡೆಯುವಾಗಲೂ ರೈತ ಸಂಘ ಪಕ್ಕದಲ್ಲಿತ್ತು. ಕಾರ್ಖಾನೆಯವನು ದುಡ್ಡು ಕೊಡದಿದ್ದಾಗ, ಸರ್ಕಾರ ಬಂದು ಕೊಡಿಸಲಿ ಅಂತ ಧರಣಿ ಕೂತಾಗಲೂ ಪಕ್ಕದಲ್ಲಿತ್ತು. ನೀವು ಮೊದಲನೆಯದಕ್ಕೆ ಬರುತ್ತೀರಿ, ಎರಡನೆಯದಕ್ಕೆ ಒಪ್ಪಂದ, ಮಾರುಕಟ್ಟೆ ಅಂತ ಹೇಳಿ ಮನೆಗೆ ಹೋಗುತ್ತೀರಿ. ರೈತನಿಗೆ ಆಫೀಸರೂ ಬಲಿಷ್ಠ, ಕಾರ್ಖಾನೆಯವನೂ ಬಲಿಷ್ಠ. ಒಬ್ಬನನ್ನು ಮಾತ್ರ ಎದುರಿಸುತ್ತೇನೆ ಅನ್ನುವವನಿಗೆ ಅವನು ವೋಟು ಹಾಕುವುದಿಲ್ಲ.

ಹೆಬ್ಬಾಳದ ಹುಡುಗ
ಅಣ್ಣ, ಒಪ್ಪಂದ ಮುರಿದರೆ ಕೋರ್ಟು ದುಡ್ಡು ಕೊಡಿಸಬೇಕು. ನಮ್ಮ ವಿಚಾರದಲ್ಲೂ ಸರ್ಕಾರದ ಮೊದಲ ಕೆಲಸವೇ ಅದು.

ಪಾಂಡವಪುರ ರೈತ
ಕೋರ್ಟಿನಲ್ಲಿ ತೀರ್ಪು ಬರುವಷ್ಟರಲ್ಲಿ ನನ್ನ ಮಗಳ ಮದುವೆ ಆಗಿ ಮೊಮ್ಮಗ ಶಾಲೆಗೆ ಹೋಗುತ್ತಿರುತ್ತಾನೆ. ಹಾಗಾದರೆ ಅದನ್ನೇ ಹೇಳಿಕೊಂಡು ಬನ್ನಿ. ಹದಿನಾಲ್ಕು ದಿನದಲ್ಲಿ ಕಬ್ಬಿನ ದುಡ್ಡು, ತಡವಾದರೆ ಬಡ್ಡಿ ಸಮೇತ, ತಾಲ್ಲೂಕಿನಲ್ಲೇ ತೀರ್ಮಾನ. ಇದನ್ನು ಹಿಡಿದುಕೊಂಡು ಐದು ವರ್ಷ ಓಡಾಡಿ. ಹದಿನೈದು ದಿನ ಅಲ್ಲ.

ಗಂಗೋತ್ರಿ ಎಕನಾಮಿಕ್ಸ್
15 ಕಿ.ಮೀ. ಅಂತರವನ್ನೂ ಸೇರಿಸಿ. ಅದು ನಿಮ್ಮ ವಿಚಾರಕ್ಕೂ ಹೊಂದುತ್ತದೆ, ರೈತನಿಗೂ ಬೇಕು.

ಕೆ.ಆರ್.ಪೇಟೆ ಅಕ್ಕ
ಬಸ್ಸಿಗೆ ಕೈ ಹಾಕಬೇಡಿ, ಅಷ್ಟೇ.

ಹೆಬ್ಬಾಳದ ಹುಡುಗ
ಬಸ್ಸಿನ ವಿಷಯದಲ್ಲಿ ನಾನು ಇನ್ನೂ ಒಪ್ಪಿಲ್ಲ ಅಕ್ಕಾ. ಆದರೆ ಕೈಚಾಚುವುದರ ಬಗ್ಗೆ ನೀವು ಹೇಳಿದ್ದು ಬೆಳಿಗ್ಗೆಯಿಂದ ತಲೆಯಲ್ಲೇ ಇದೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಆಲೆಮನೆ ಅಣ್ಣ, ಈ ಭಾನುವಾರ ಊರಿಗೆ ಬರುತ್ತೇನೆ. ನಿಮ್ಮ ಹಳೇ ಒಪ್ಪಿಗೆ ಪತ್ರ, ಕಾರ್ಖಾನೆಯವರು ಕೊಟ್ಟ ತೂಕದ ಚೀಟಿ ಇದ್ದರೆ ತೆಗೆದಿಡುತ್ತೀರಾ? ಎಷ್ಟು ದಿನ ತಡ, ಎಷ್ಟು ಬಡ್ಡಿ ಬರಬೇಕು ಅಂತ ಲೆಕ್ಕ ಹಾಕೋಣ. ಮೇಷ್ಟ್ರೇ, ನೀವೂ ಬಂದರೆ ಒಳ್ಳೆಯದು.

ಆಲೆಮನೆ
ಚೀಟಿ ಎಲ್ಲಾ ಇದೆ. ಬೆಳಿಗ್ಗೆ ಎಂಟರೊಳಗೆ ಬನ್ನಿ, ಕೊಪ್ಪರಿಗೆ ಇಳಿಸುವ ಹೊತ್ತಿಗೆ. ಆಮೇಲೆ ಮಾತಾಡಲು ನನಗೆ ಪುರುಸೊತ್ತು ಇರುವುದಿಲ್ಲ.

ಲೆಕ್ಕದ ಮೇಷ್ಟ್ರು
ಬರುತ್ತೇನೆ. ಮೈಸೂರಿನಿಂದ ಬೆಳಿಗ್ಗೆ ಮೊದಲ ರೈಲು ಹಿಡಿಯುತ್ತೇನೆ, ಮಂಡ್ಯ ಸ್ಟೇಷನ್ ಹತ್ತಿರ ಕರೆದುಕೊಳ್ಳಿ.